ತಲೆಕೆಳಗಾದ ಬೆಟ್ಟ

ಬೂಟಿಗೆ ಮೊಳೆ ಕಟ್ಟಿಕೊಳ್ಳುವುದು ಕೂತು ಮಾಡುವ ಕೆಲಸ. ಆದರೆ ಅಲ್ಲಿದ್ದ ಬೆಂಚಿನ ಮೇಲೆ ಗೇಣುದ್ದ ಹಿಮ. ಹಾಗಾಗಿ ನಾಲ್ವರೂ ಒಬ್ಬರ ಹೆಗಲನ್ನು ಇನ್ನೊಬ್ಬರು ಹಿಡಿದು, ಕುಂಟಾಬಿಲ್ಲೆ ಆಡುವವರ ಹಾಗೆ ಒಂಟಿಕಾಲಲ್ಲಿ ಕುಪ್ಪಳಿಸುತ್ತ ಕಟ್ಟಿಕೊಂಡೆವು. ಮೈಕ್ರೋಸ್ಪೈಕ್ ಅನ್ನುತ್ತಾರೆ ಇದಕ್ಕೆ. ಬೂಟಿನ ಸುತ್ತ ಎಳೆದು ಕೂರಿಸುವ ರಬ್ಬರ್ ಪಟ್ಟಿ, ಅದರಡಿಗೆ ಉಕ್ಕಿನ ಸರಪಳಿ, ಸರಪಳಿಯಲ್ಲಿ ಅವರೆಕಾಳಿನಷ್ಟು ಉದ್ದದ ಮೊಳೆಗಳು. ಕೈಗವಸು ಹಾಕಿಕೊಂಡರೆ ರಬ್ಬರ್ ಕೈಗೆ ಸಿಕ್ಕುವುದಿಲ್ಲ. ತೆಗೆದರೆ ಒಂದೇ ನಿಮಿಷಕ್ಕೆ ಬೆರಳು ನಮ್ಮದಲ್ಲ. ಜನವರಿಯ ಶನಿವಾರ, ಬೆಳಿಗ್ಗೆ ಎಂಟು ಗಂಟೆ, ಮೈನಸ್ 9 ಡಿಗ್ರಿ. ಎದುರಿಗೆ ಗ್ರ್ಯಾಂಡ್ ಕ್ಯಾನ್ಯನ್.

ಫೀನಿಕ್ಸ್‌ನಿಂದ ನಸುಕಿನ ನಾಲ್ಕಕ್ಕೇ ಹೊರಟಿದ್ದೆವು. ಸುಮಾರು 370 ಕಿಲೋಮೀಟರ್. ಹೊರಟಾಗ ಮೈಮೇಲೆ ತೆಳು ಸ್ವೆಟರ್, ರಸ್ತೆಯ ಎರಡೂ ಕಡೆ ಕೈಯೆತ್ತಿ ನಿಂತ ಸಗ್ವಾರೋ ಕಳ್ಳಿ. ಫ್ಲ್ಯಾಗ್‌ಸ್ಟಾಫ್ ಮುಟ್ಟುವಷ್ಟರಲ್ಲಿ ಹಿಮ ಹೊತ್ತ ಪೈನ್ ಮರಗಳು. ಅರಿಝೋನಾ ಅಂದರೆ ಸುಡುವ ಬಿಸಿಲು ಅಂದುಕೊಂಡವರಿಗೆ ಕಮರಿಯ ದಕ್ಷಿಣದ ಅಂಚು 2,100 ಮೀಟರ್ ಎತ್ತರದಲ್ಲಿದೆ ಅನ್ನುವುದು ಹೊಳೆಯುವುದಿಲ್ಲ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಹೆಚ್ಚು. ಉತ್ತರದ ಅಂಚು ಇನ್ನೂ ಎತ್ತರ, ಅಲ್ಲಿಗೆ ಹೋಗುವ ರಸ್ತೆಯನ್ನೇ ಚಳಿಗಾಲದಲ್ಲಿ ಮುಚ್ಚಿಬಿಡುತ್ತಾರೆ.

ನಮ್ಮ ನಮ್ಮಲ್ಲಿ ಹೆಸರು ಹಿಡಿದು ಕರೆಯುವ ರೂಢಿ ಇಲ್ಲ, ಊರೇ ಹೆಸರು. ಈ ದಾರಿಯನ್ನು ಮೂರು ಸಲ ನಡೆದಿದ್ದ ತೀರ್ಥಹಳ್ಳಿ ಮುಂದೆ, ಹಿಮವನ್ನು ಫ್ರಿಜ್ಜಿನಲ್ಲಿ ಮಾತ್ರ ನೋಡಿದ್ದ ದಾವಣಗೆರೆ ಹಿಂದೆ, ನಡುವೆ ಶಿರಸಿ ಮತ್ತು ನಾನು.

"ಕುಮಾರಪರ್ವತ ಹತ್ತಿದ್ದೀನಿ ಕಣಲೇ, ಇದೇನು ಮಹಾ," ಅಂದ ದಾವಣಗೆರೆ.

"ಅದು ಬೆಟ್ಟ ಮಾರಾಯ. ಇದು ಬೆಟ್ಟದ ಅಚ್ಚು," ಅಂದ ತೀರ್ಥಹಳ್ಳಿ.

ಮಾತು ನನಗೆ ಅರ್ಥವಾಗಿದ್ದು ಸಂಜೆಗೆ. ಬೆಟ್ಟದಲ್ಲಿ ಮೈಯಲ್ಲಿ ಕಸುವಿದ್ದಾಗ ಹತ್ತುತ್ತೇವೆ, ಸುಸ್ತಾದಾಗ ಬೆಟ್ಟವೇ ನಮ್ಮನ್ನು ಕೆಳಗೆ ಕಳಿಸಿಕೊಡುತ್ತದೆ. ಇಲ್ಲಿ ಉಲ್ಟಾ. ಇಳಿಯುವಾಗ ಕಾಲು ತಾನಾಗಿ ಹೋಗುತ್ತದೆ, ಸಾಲ ಎಲ್ಲ ವಾಪಸ್ ಬರುವಾಗ ತೀರಿಸಬೇಕು. ಇಳಿದ ಹೊತ್ತಿನ ಎರಡರಷ್ಟನ್ನು ಹತ್ತುವುದಕ್ಕೆ ಇಟ್ಟುಕೊಳ್ಳಿ ಎಂದು ಇಲ್ಲಿನ ರಾಷ್ಟ್ರೀಯ ಉದ್ಯಾನದವರೇ ಹೇಳುತ್ತಾರೆ. ಚಳಿಗಾಲದಲ್ಲಿ ಅದಕ್ಕೆ ಬಡ್ಡಿ ಬೇರೆ: ಮಂಜುಗಡ್ಡೆ ಇರುವುದು ದಾರಿಯ ಮೇಲ್ಭಾಗದಲ್ಲಿ, ಅಂದರೆ ನಡಿಗೆಯ ಮೊದಲಲ್ಲಿ ಒಮ್ಮೆ, ಕಾಲು ಸೋತ ಕೊನೆಯಲ್ಲಿ ಇನ್ನೊಮ್ಮೆ.

ನಾವು ಹಿಡಿದ ಬ್ರೈಟ್ ಏಂಜಲ್ ಹಾದಿಯ ಮೇಲಿನ ಮೈಲುಗಳು ಉತ್ತರಕ್ಕೆ ಮುಖ ಮಾಡಿದ ಗೋಡೆಯ ಮಡಿಲಲ್ಲಿವೆ. ತಗ್ಗಿನಲ್ಲಿ ಸಾಗುವ ಚಳಿಗಾಲದ ಸೂರ್ಯ ಅಲ್ಲಿಗೆ ಇಣುಕುವುದೇ ಅಪರೂಪ. ಬಿದ್ದ ಹಿಮವನ್ನು ಜನ ತುಳಿದು, ಹೇಸರಗತ್ತೆಗಳು ತುಳಿದು ಗಟ್ಟಿ ಮಾಡುತ್ತವೆ. ಹಗಲು ಒಂಚೂರು ಕರಗಿದ್ದು ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ವಾರಗಟ್ಟಲೆ ಆದ ಮೇಲೆ ಅದು ಹಿಮವಲ್ಲ, ಪಾಲಿಶ್ ಹಾಕಿದ ಕಡಪಾ ಕಲ್ಲು. ಮೊಳೆ ಕಚ್ಚಿದಾಗ ಕರ್ ಅನ್ನುವ ಸದ್ದು ಬಂದರೆ ಧೈರ್ಯ, ಬರದಿದ್ದರೆ ಗೋಡೆ ಕಡೆಗೆ ಒರಗಬೇಕು. ಇನ್ನೊಂದು ಕಡೆ ಒರಗುವುದಕ್ಕೆ ಏನೂ ಇಲ್ಲ.

ಮೊದಲ ಸುರಂಗ ದಾಟುತ್ತಲೇ ಹೇಸರಗತ್ತೆಗಳ ಸಾಲು ಬಂತು. ಅವಕ್ಕೆ ದಾರಿ ಬಿಡುವುದಕ್ಕೂ ಕ್ರಮವಿದೆ: ಗೋಡೆ ಕಡೆ ನಿಲ್ಲಬೇಕು, ಸದ್ದು ಮಾಡಬಾರದು, ಕೊನೆಯದು ಐವತ್ತು ಅಡಿ ದಾಟುವ ತನಕ ಕದಲಬಾರದು. ಮೂಗಿನಿಂದ ಹಬೆ ಬಿಡುತ್ತ, ನಾವು ತತ್ತರಿಸಿದ್ದ ಗಡ್ಡೆಯ ಮೇಲೆ ಅವು ಸಂತೆಗೆ ಹೊರಟವರಂತೆ ನಡೆದು ಹೋದವು. ಒಂದು ಮಾತ್ರ ನಮ್ಮ ಮುಂದೆಯೇ ನಿಂತು ಧಾರಾಕಾರ ಉಚ್ಚೆ ಹೊಯ್ದಿತು. ದಾರಿಯುದ್ದಕ್ಕೂ ಕಾಣುತ್ತಿದ್ದ ಹಳದಿ ಗಡ್ಡೆ ಯಾವ ಖನಿಜದ್ದು ಎಂದು ಅಷ್ಟೊತ್ತಿನ ತನಕ ಚರ್ಚಿಸುತ್ತಿದ್ದ ದಾವಣಗೆರೆ ಆಮೇಲೆ ಆ ವಿಷಯ ಎತ್ತಲಿಲ್ಲ.

ಇಳಿಯುತ್ತ ಹೋದಂತೆ ಕಲ್ಲಿನ ಬಣ್ಣ ಬದಲಾಗುತ್ತದೆ. ಅಂಚಿನ ಸುಣ್ಣಕಲ್ಲಿಗೆ 27 ಕೋಟಿ ವರ್ಷ, ಒಂದು ಕಾಲದಲ್ಲಿ ಸಮುದ್ರದ ತಳ. ಅದರ ಕೆಳಗಿನ ತಿಳಿಬಿಳುಪು ಕೊಕೊನಿನೊ ಮರಳುಗಲ್ಲು ಕಲ್ಲಾಗಿ ನಿಂತ ಮರಳ ದಿಬ್ಬ. ಓರೆ ಗೀರುಗಳಲ್ಲಿ ಅಂದಿನ ಗಾಳಿ ಬೀಸಿದ ದಿಕ್ಕು ಇಂದಿಗೂ ಓದಬಹುದು. ಮರುಭೂಮಿಯೊಳಗೆ ಹೂತ ಇನ್ನೊಂದು ಮರುಭೂಮಿ. ಎದುರಿನ ಶಿಖರಗಳಿಗೆ ಬ್ರಹ್ಮ, ಬುದ್ಧ, ಜರತುಷ್ಟ್ರರ ಹೆಸರು. ಈ ಚಾಳಿ ಶುರುವಾಗಿದ್ದು ಭೂವಿಜ್ಞಾನಿ ಕ್ಲಾರೆನ್ಸ್ ಡಟನ್‌ನಿಂದ. ಕಮರಿಯ ಕುರಿತ ಅವನ ದೊಡ್ಡ ವರದಿ ಬಂದದ್ದು 1882ರಲ್ಲಿ. ಶಿಖರಗಳು ಅವನ ಕಣ್ಣಿಗೆ ಪೂರ್ವದೇಶದ ಗುಡಿಗಳ ಹಾಗೆ ಕಂಡವು, ವಿಷ್ಣು ಮಂದಿರ, ಶಿವ ಮಂದಿರ ಎಂದು ಕರೆದ. ಕಮರಿಯ ತಳದ ಕಪ್ಪು ಶಿಲೆಗೂ ವಿಷ್ಣುವಿನ ಹೆಸರೇ ಅಂಟಿತು, ಅದಕ್ಕೆ ಸುಮಾರು 170 ಕೋಟಿ ವರ್ಷ. ಈ ನೆಲದಲ್ಲಿ ಸಾವಿರಾರು ವರ್ಷ ಬಾಳಿದವರ ದೇವರುಗಳನ್ನು ಬಿಟ್ಟು ನಮ್ಮ ದೇವರುಗಳನ್ನು ಕೂರಿಸಿದ್ದು ನನಗೇನೂ ಹೆಮ್ಮೆ ಅನಿಸಲಿಲ್ಲ. ಶಿರಸಿ ಮಾತ್ರ ಬೇರೆಯೇ ಲೆಕ್ಕ ತೆಗೆದಳು: "ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷ ಅಂತ ಬೋರ್ಡಿದೆ. ಅದರ ಮೇಲೆ ಕೂತು ಕಡ್ಲೆಕಾಯಿ ತಿಂತೀವಿ. ಇಲ್ಲಿ ನೋಡು, ಎಷ್ಟು ದುಬಾರಿ ಟಿಕೆಟ್ಟು!"

ಒಂದೂವರೆ ಮೈಲಿಯ ತಂಗುಮನೆ ದಾಟಿದ ಮೇಲೆ ಬಿಸಿಲು ಸಿಕ್ಕಿತು. ಪ್ರತಿ 300 ಮೀಟರ್ ಇಳಿದರೆ ಸುಮಾರು ಮೂರು ಡಿಗ್ರಿ ಬೆಚ್ಚಗಾಗುತ್ತದೆ. ಮೇಲೆ ಹಿಮ ಬೀಳುವ ದಿನ ತಳದಲ್ಲಿ ಬರೀ ಮಳೆ. ಗಡ್ಡೆ ಕೆಸರಾಯಿತು, ಕೆಸರು ಕೆಂಪು ಧೂಳಾಯಿತು. ಮೊಳೆ ಬಿಚ್ಚಿ ಚೀಲಕ್ಕೆ ತುರುಕಿದೆವು, ಆಮೇಲೆ ಟೊಪ್ಪಿ, ಆಮೇಲೆ ಜಾಕೆಟ್ಟು.

ಮೂರು ಮೈಲಿಯ ತಂಗುಮನೆ ನಮ್ಮ ಗುರಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದ ಹುಡುಗರಿಗೆ ಸರ್ಕಾರ ಕೆಲಸ ಕೊಟ್ಟಾಗ ಅವರು ಕಟ್ಟಿದ ಕಲ್ಲಿನ ಮಂಟಪ. ಬೇಸಿಗೆಯಲ್ಲಿ ಇಲ್ಲಿ ನಲ್ಲಿಯಲ್ಲಿ ನೀರು ಬರುತ್ತದೆ, ಚಳಿಗಾಲದಲ್ಲಿ ಪೈಪು ಒಡೆಯುತ್ತದೆಂದು ನಿಲ್ಲಿಸಿರುತ್ತಾರೆ. ನೀರು ನಾವೇ ಹೊರಬೇಕು. ನನ್ನ ಬಾಟಲಿ ತಿರುಗಿಸಿದರೆ ತಿರುಗದು, ಬಾಯಿಯಲ್ಲೇ ಗಡ್ಡೆ. ತೀರ್ಥಹಳ್ಳಿ ತನ್ನದನ್ನು ಚೀಲದಲ್ಲಿ ತಲೆಕೆಳಗಾಗಿ ಇಟ್ಟಿದ್ದ. ನೀರು ಹೆಪ್ಪುಗಟ್ಟುವುದು ಮೇಲಿನಿಂದ, ತಲೆಕೆಳಗಿಟ್ಟರೆ ಗಡ್ಡೆ ಬುಡಕ್ಕೆ, ನೀರು ಬಾಯಿಗೆ. ಕಮರಿಯ ಪಾಠವನ್ನೇ ಬಾಟಲಿಗೂ ಕಲಿಸಿದ್ದಾನೆ.

ಸ್ಟೀಲ್ ಡಬ್ಬಿಯ ಪುಳಿಯೋಗರೆ ಮಂಜಿನಂತಿತ್ತು, ಕಡ್ಲೆಬೀಜ ಮಾತ್ರ ಗರಿಗರಿ. ಎಲ್ಲಿಂದಲೋ ಒಂದು ದೊಡ್ಡ ಕಾಡುಕಾಗೆ ಬಂದು ಶಿರಸಿಯ ಚೀಲದ ಜಿಪ್ಪಿಗೇ ಕೊಕ್ಕು ಹಾಕಿತು. "ನಮ್ಮೂರಲ್ಲಿ ಕರೆದರೂ ಬರೋದಿಲ್ಲ, ಇಲ್ಲಿ ಅನ್ನ ಹಾಕಿದರೆ ದಂಡ," ಎಂದು ಅವಳು ಚೀಲ ತಬ್ಬಿ ಕೂತಳು.

ಕೆಳಗೆ, ಕಾಟನ್‌ವುಡ್ ಮರಗಳ ಬೋಳು ಗುಂಪೊಂದು ಬೂದಿಬಣ್ಣಕ್ಕೆ ಕಾಣುತ್ತಿತ್ತು. ಅಲ್ಲಿ ಮೂಲನಿವಾಸಿ ಹವಸುಪಾಯ್ ಜನ ಬೇಸಾಯ ಮಾಡುತ್ತಿದ್ದರು. ನಾವು ಇಳಿದ ದಾರಿಯೂ, ಭೂಮಿ ಸೀಳಿದ ಜಾಗ ಹುಡುಕಿ ಅವರು ಮಾಡಿಕೊಂಡ ಕಾಲುದಾರಿಯೇ. ಉದ್ಯಾನವಾಗಿದ್ದು 1919ರಲ್ಲಿ, 1928ರಲ್ಲಿ ಅವರಲ್ಲಿ ಕೊನೆಯವರನ್ನೂ ಅಲ್ಲಿಂದ ಹೊರಗೆ ಹಾಕಲಾಯಿತು. ಜಾಗದ ಹೆಸರು ಹವಸುಪಾಯ್ ಗಾರ್ಡನ್ಸ್ ಎಂದು ಬದಲಾಗಲು 2022 ಬರಬೇಕಾಯಿತು. ನಾವು ನಾಗರಹೊಳೆಯ ಜೇನುಕುರುಬರ ಮಾತಾಡಿದೆವು, ಸ್ವಲ್ಪ ಹೊತ್ತು. ಆಮೇಲೆ ಯಾರೂ ಮಾತಾಡಲಿಲ್ಲ.

ಹನ್ನೊಂದೂವರೆಗೆ ಹತ್ತಲು ಶುರು. 640 ಮೀಟರ್ ಏರು. ಮೊದಲ ಗಂಟೆ ಹಾಡು, ಎರಡನೇ ಗಂಟೆ ತಮಾಷೆ, ಮೂರನೇ ಗಂಟೆಯಲ್ಲಿ ಬರೀ ಉಸಿರು. ಮತ್ತೆ ನೆರಳು ಹೊಕ್ಕಾಗ ಬೆವರಿದ ಬನಿಯನ್ ಬೆನ್ನಿಗೆ ತಣ್ಣಗೆ ಅಂಟಿತು. ತೀರ್ಥಹಳ್ಳಿ ನಿಂತು ಮೊಳೆ ಕಟ್ಟಿದ, ಶಿರಸಿ ಕಟ್ಟಿದಳು, ದಾವಣಗೆರೆ ಎಲ್ಲರಿಗಿಂತ ಬಿಗಿಯಾಗಿ ಕಟ್ಟಿದ. ನನಗೆ ಬಗ್ಗುವುದೇ ಬೇಡವಾಗಿತ್ತು. ಇನ್ನೊಂದು ತಿರುವು ಆಗಲಿ ಅಂದುಕೊಂಡೆ. ಆ ತಿರುವು ಆಯಿತು, ಇನ್ನೊಂದಾಯಿತು. ಮೂರನೆಯದರಲ್ಲಿ ಆಕಾಶ ಕಂಡಿತು. ನೋವು ಆಮೇಲೆ ಬಂತು, ಮೊದಲು ಬಂದಿದ್ದು ಜಾರುವ ಸದ್ದು: ಸ್ಸ್‌ಸ್ ಎಂದು, ನನ್ನದೇ ಬೆನ್ನಿನದು. ಗೋಡೆ ಕಡೆಗೇ ಜಾರಿದ್ದೆ. ಚೀಲದ ಪಟ್ಟಿ ಹಿಡಿದು ಎಳೆದವನು ದಾವಣಗೆರೆ. "ಕುಮಾರಪರ್ವತ..." ಎಂದು ಶುರುಮಾಡಿ, ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಅವನೇ ಮಂಡಿಯೂರಿ ಕೂತು ನನ್ನ ಬೂಟಿಗೆ ಮೊಳೆ ಕಟ್ಟಿದ.

ನಾಲ್ಕೂಕಾಲಿಗೆ ಅಂಚು ಮುಟ್ಟಿದಾಗ ಗೋಡೆಗಳು ಕುಂಕುಮದ ಬಣ್ಣಕ್ಕೆ ತಿರುಗುತ್ತಿದ್ದವು. ಕ್ಯಾನ್ವಾಸ್ ಶೂ ಹಾಕಿದ್ದ ಹುಡುಗ-ಹುಡುಗಿ ಕಾಫಿ ಲೋಟ ಹಿಡಿದು, ಸುರಂಗದವರೆಗೆ ಹೋಗಿ ಫೋಟೋ ತೆಗೆಸಿಕೊಂಡು ಬರುತ್ತೇವೆ ಅಂದರು. ಕೆಳಗೆ ಜಾರುತ್ತದಾ, ಎಂದು ಕೇಳಿದರು.

ತೀರ್ಥಹಳ್ಳಿ ಏನೂ ಹೇಳಲಿಲ್ಲ. ನನ್ನ ಭುಜ ಹಿಡಿದು ಹಿಂದಕ್ಕೆ ತಿರುಗಿಸಿ, ಹೆಗಲಿನಿಂದ ಕಾಲಿನ ತನಕ ಹಳದಿ ಗಡ್ಡೆ ಮೆತ್ತಿದ್ದ ನನ್ನ ಬೆನ್ನನ್ನು ಅವರಿಗೆ ತೋರಿಸಿದ.