ಒಂದು ಅಗುಳಿನ ಲೆಕ್ಕ

ಟಿಬೆಟನ್, ಗುರುಮುಖಿ, ಮಲಯಾಳಂ, ಒಡಿಯಾ, ಜೊತೆಗೆ ಟೋಲ್ಕಿನ್ ತನ್ನ ಕಾದಂಬರಿಲೋಕಕ್ಕಾಗಿಯೇ ಕಟ್ಟಿಕೊಂಡ ತೆಂಗ್ವಾರ್ ಎಂಬ ಲಿಪಿ. ಈ ವಿಚಿತ್ರ ಪಂಕ್ತಿಯಲ್ಲಿ ನಮ್ಮ ಕನ್ನಡವೂ ಕೂತಿದೆ! ಮನುಷ್ಯ ಹೇಗೆ ಯೋಚಿಸುತ್ತಾನೆಂದು ಕಂಪ್ಯೂಟರಿನಲ್ಲಿ ಕಟ್ಟಿ ನೋಡಲು ಹೊರಟವರು ಕೂಡಿಹಾಕಿದ ಅಕ್ಷರಭಂಡಾರ ಅದು. ಹೆಸರು ಓಮ್ನಿಗ್ಲಾಟ್. ಐವತ್ತು ಲಿಪಿಗಳು, 1623 ಅಕ್ಷರಗಳು, ಒಂದೊಂದನ್ನೂ ಇಪ್ಪತ್ತು ಜನ ಬೇರೆ ಬೇರೆಯಾಗಿ ಬರೆದಿದ್ದಾರೆ. ಬರೆದ ಚಿತ್ರವಷ್ಟೇ ಅಲ್ಲ, ಗೆರೆ ಎಲ್ಲಿ ಹುಟ್ಟಿತು, ಎತ್ತ ಹರಿಯಿತು, ಎಲ್ಲಿ ನಿಂತಿತು ಎಂಬ ಕೈಯ ಓಟವೂ ದಾಖಲಾಗಿದೆ.

ಏಕೆ ಇಷ್ಟೆಲ್ಲ? ನಮಗೆ ಗೊತ್ತೇ ಇಲ್ಲದ ಲಿಪಿಯ ಒಂದಕ್ಷರವನ್ನು ಒಂದೇ ಒಂದು ಸಲ ತೋರಿಸಿ, ಬೇರೆಯವರ ಕೈಬರಹದ ಇಪ್ಪತ್ತು ಅಕ್ಷರಗಳ ನಡುವೆ ಅದನ್ನು ಹುಡುಕಿ ಎಂದರೆ ನಾವು ಥಟ್ಟನೆ ಹುಡುಕುತ್ತೇವೆ. ಆ ಹೊತ್ತಿನ ಯಂತ್ರಗಳಿಗೆ ಒಂದು ಅಂಕಿ ಗುರುತಿಸಲು ಸಾವಿರಾರು ಉದಾಹರಣೆ ಉಣಿಸಬೇಕಿತ್ತು. ನಮಗೆ ಒಂದು ಸಾಕು! ಬ್ರೆಂಡನ್ ಲೇಕ್, ರುಸ್ಲಾನ್ ಸಲಖುದ್ದಿನೋವ್, ಜೋಶುವಾ ಟೆನನ್‌ಬಾಮ್ ಈ ಮೂವರು ಸಂಶೋಧಕರ ತಲೆಗೆ ಹುಳ ಬಿಟ್ಟದ್ದು ಆ 'ಒಂದು'.

2015ರ ಡಿಸೆಂಬರಿನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅವರ ಉತ್ತರ ಓದಿದರೆ ಮೈ ಜುಮ್ಮೆನ್ನುತ್ತದೆ. ಅವರ ಕಂಪ್ಯೂಟರ್ ಮಾದರಿ ಅಕ್ಷರವನ್ನು ಚುಕ್ಕೆಗಳ ರಾಶಿಯಾಗಿ ನೋಡುವುದೇ ಇಲ್ಲ. ಇದನ್ನು ಬರೆದ ಕೈ ಏನು ಮಾಡಿರಬೇಕು ಎಂದು ಹಿಂದಕ್ಕೆ ಊಹಿಸುತ್ತದೆ: ಮೊದಲು ಈ ಬಳುಕು, ಆಮೇಲೆ ಪೆನ್ನು ಎತ್ತಿ ಈ ತಲೆಯ ಗೆರೆ, ಅದು ಮೊದಲನೆಯದರ ತುದಿಗೆ ಅಂಟಿಕೊಳ್ಳುತ್ತದೆ, ಹೀಗೆ. ಅಂದರೆ ಅಕ್ಷರವೆಂದರೆ ಅದನ್ನು ಬರೆಯುವ ಒಂದು ಪುಟ್ಟ ಪ್ರೋಗ್ರಾಂ! ಸ್ಲೇಟಿನ ಮೇಲೆ ತಿದ್ದಿ ತಿದ್ದಿ ಕಲಿತ ನಮಗೆ ಇದರಲ್ಲೇನು ಹೊಸದು ಅನ್ನಿಸಬಹುದು, ನಿಜ. ಆದರೆ ಅದನ್ನು ಗಣಿತವಾಗಿಸಿ ಓಡಿಸಿದ್ದು ಹೊಸದು. ಮೂವತ್ತು ಲಿಪಿಗಳಿಂದ ಮಾದರಿಯು 'ಅಕ್ಷರಗಳೆಂದರೆ ಸಾಮಾನ್ಯವಾಗಿ ಹೀಗಿರುತ್ತವೆ' ಎಂಬ ಅಂದಾಜನ್ನು ಕಲಿಯಿತು. ಉಳಿದ ಇಪ್ಪತ್ತು ಪರೀಕ್ಷೆಗೆಂದು ಬಚ್ಚಿಟ್ಟವು. ಕನ್ನಡ ಈ ಬಚ್ಚಿಟ್ಟ ಗುಂಪಿನದು.

ಫಲಿತಾಂಶ? ಇಪ್ಪತ್ತರಲ್ಲಿ ಒಂದನ್ನು ಹುಡುಕುವ ಆಟದಲ್ಲಿ ಮನುಷ್ಯರು ತಪ್ಪಿದ್ದು ಶೇ. 4.5ರಷ್ಟು, ಮಾದರಿ ತಪ್ಪಿದ್ದು ಶೇ. 3.3. ಇನ್ನೂ ಮಜಾ ಬೇರೆಯೇ ಇದೆ. ಹೊಸ ಅಕ್ಷರವೊಂದನ್ನು ಜನರಿಂದಲೂ ಯಂತ್ರದಿಂದಲೂ ಮತ್ತೆ ಮತ್ತೆ ಬರೆಸಿ ಅಕ್ಕಪಕ್ಕ ಇಟ್ಟರು. ಯಾವುದು ಯಾರದೆಂದು ಹೇಳಬೇಕಾದವರು 48 ಮಂದಿ. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದರೂ ಶೇ. 50 ಸರಿಯಾಗುವ ಕಡೆ ಇವರ ಸರಾಸರಿ ಶೇ. 52! ನಂಬುವಂತೆ ಗುರುತು ಹಿಡಿದವರು ಮೂರೇ ಜನ.

ಇದರ ಬೇರು ಹುಡುಕುತ್ತ ಹೋದರೆ ಟೆನನ್‌ಬಾಮ್ 1999ರಲ್ಲಿ ಎಂಐಟಿಯಲ್ಲಿ ಬರೆದ ಪಿಎಚ್.ಡಿ. ಪ್ರಬಂಧ ಸಿಗುತ್ತದೆ, ಅದರೊಳಗೆ ಒಂದು ಸಂಖ್ಯೆಯಾಟ. ಒಂದರಿಂದ ನೂರರ ಒಳಗಿನ ಸಂಖ್ಯೆಗಳ ಯಾವುದೋ ನಿಯಮ ನನ್ನ ಮನಸ್ಸಿನಲ್ಲಿದೆ, ಅದಕ್ಕೆ ಒಪ್ಪುವ ಒಂದು ಸಂಖ್ಯೆ 16 ಎನ್ನುತ್ತೇನೆ. ನಿಯಮ ಯಾವುದು? ಸಮಸಂಖ್ಯೆಯೋ, ವರ್ಗಸಂಖ್ಯೆಯೋ, ಇಪ್ಪತ್ತರ ಆಸುಪಾಸಿನದೋ, ಹೇಳುವುದು ಕಷ್ಟ. ಈಗ 16, 8, 2, 64 ಎನ್ನುತ್ತೇನೆ. ಅಷ್ಟೇ, ಎರಡರ ಘಾತಗಳು ಎಂದು ಮನಸ್ಸು ಕೂಗಿಬಿಡುತ್ತದೆ! ಆದರೆ ನಿಲ್ಲಿ, ಈ ನಾಲ್ಕೂ ಸಮಸಂಖ್ಯೆಗಳೇ ಅಲ್ಲವೇ? ಆ ನಿಯಮ ಏಕೆ ಸತ್ತುಹೋಯಿತು? ಲೆಕ್ಕ ಮಾಡಿ ನೋಡಿ. ನೂರರೊಳಗೆ ಸಮಸಂಖ್ಯೆಗಳು 50, ಎರಡರಿಂದ ಶುರುವಾಗುವ ಎರಡರ ಘಾತಗಳು ಬರೀ 6. ಐವತ್ತರಿಂದ ಕಣ್ಣುಮುಚ್ಚಿ ನಾಲ್ಕು ಸಲ ಎತ್ತಿದಾಗಲೂ ಈ ಆರರೊಳಗಿನವೇ ಬಂದವೆಂದರೆ ಅದು ಅನುಮಾನ ಹುಟ್ಟಿಸುವ ಕಾಕತಾಳೀಯ. ಚಿಕ್ಕ ಗುಂಪಿನ ಕಡೆ ತಕ್ಕಡಿ ಎಷ್ಟು ವಾಲುತ್ತದೆ ಗೊತ್ತೇ? ಸುಮಾರು 4800 ಪಟ್ಟು! ನಾಲ್ಕೇ ಉದಾಹರಣೆಗೆ! ಆ ಗುಣಾಕಾರ ನಮ್ಮ ತಲೆಯೊಳಗೆ ನಮಗೇ ಗೊತ್ತಿಲ್ಲದೆ ನಡೆದುಹೋಗಿರುತ್ತದೆ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕುತ್ತೇವಲ್ಲ, ಅದೂ ಇದೇ ಜಾತಿಯ ಲೆಕ್ಕ. ಅಗುಳೊಂದರಿಂದ ಇಡೀ ಪಾತ್ರೆಯ ತೀರ್ಪು ಕೊಡಬಹುದು, ಏಕೆಂದರೆ ಎಲ್ಲವೂ ಒಂದೇ ನೀರಿನಲ್ಲಿ ಕುದಿದವೆಂದು ನಮಗೆ ಮೊದಲೇ ಗೊತ್ತು. ಈ 'ಮೊದಲೇ ಗೊತ್ತು' ಎಂಬುದನ್ನೂ 'ಈಗ ಕಂಡದ್ದು' ಎಂಬುದನ್ನೂ ಕೂಡಿಸುವ ಸೂತ್ರ ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿಯದು. ಆತ ತೀರಿಕೊಂಡ ಮೇಲೆ, 1763ರಲ್ಲಿ, ಗೆಳೆಯ ರಿಚರ್ಡ್ ಪ್ರೈಸ್ ಅಚ್ಚು ಹಾಕಿಸಿದ.

2006ರಲ್ಲಿ ಟಾಮ್ ಗ್ರಿಫಿತ್ಸ್ ಜೊತೆ ಸೇರಿ ಟೆನನ್‌ಬಾಮ್ ಇದನ್ನು ಬದುಕಿನ ಪ್ರಶ್ನೆಗಳಿಗೆ ಹಚ್ಚಿದರು. ಇಂತಿಷ್ಟು ವಯಸ್ಸಾದ ಮನುಷ್ಯ ಎಷ್ಟು ಬಾಳಿಯಾನು? ಇಷ್ಟು ಗಳಿಸಿದ ಸಿನಿಮಾ ಕೊನೆಗೆ ಎಷ್ಟು ಗಳಿಸೀತು? ಹುಷಾರು, ಇವೆರಡರ ತರ್ಕ ಒಂದೇ ಅಲ್ಲ. ಹದಿನೆಂಟರವನಿಗೂ ಮೂವತ್ತೊಂಬತ್ತರವನಿಗೂ ಹೆಚ್ಚುಕಡಿಮೆ ಒಂದೇ ಆಯುಷ್ಯ ಹೇಳಬೇಕು, ಸಿನಿಮಾಕ್ಕಾದರೆ ಈವರೆಗಿನ ಗಳಿಕೆಯನ್ನು ಗುಣಿಸಬೇಕು. ಜನ ಎರಡನ್ನೂ ಸರಿಯಾಗಿಯೇ ಮಾಡಿದರು, ಯಾರೂ ಹೇಳಿಕೊಡದೆ! ಈಜಿಪ್ಟಿನ ಫೇರೋಗಳ ಆಳ್ವಿಕೆ ಎಷ್ಟು ವರ್ಷ ಎಂಬಲ್ಲಿ ಮಾತ್ರ ಅಂದಾಜು ಹಿಗ್ಗಿತು. ಅಲ್ಲೂ ಉತ್ತರಗಳ ಆಕಾರ ಸರಿಯಾಗಿತ್ತು, ಪ್ರಮಾಣವಷ್ಟೇ ಜಾಸ್ತಿ. ಫೇರೋಗಳ ಪರಿಚಯ ಯಾರಿಗಿದೆ ಹೇಳಿ!

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸುವುದು ಇಂಥ ತಪ್ಪುಗಳೇ. ಅಕ್ಷರ ಕಲಿತ ಮಾದರಿಗೂ ಅದರದೇ ಕುರುಡು ಉಂಟು: ಗೆರೆಗಳು ಸಮಾನಾಂತರವಾಗಿವೆ, ಆಕಾರದ ಎರಡು ಪಾಲು ಸರಿಸಮವಾಗಿವೆ ಎಂಬುದು ಅದಕ್ಕೆ ತಿಳಿಯದು, ಲೇಖಕರೇ ಹಾಗೆ ಬರೆದುಕೊಂಡಿದ್ದಾರೆ. 2013ರಲ್ಲಿ ಪೀಟರ್ ಬಟಾಗ್ಲಿಯಾ, ಜೆಸ್ಸಿಕಾ ಹ್ಯಾಮ್ರಿಕ್ ಜೊತೆ ಟೆನನ್‌ಬಾಮ್ ಮಾಡಿದ ಕೆಲಸದಲ್ಲಂತೂ ತಪ್ಪೇ ನಾಯಕ. ಮರದ ಇಟ್ಟಿಗೆಗಳ ಗೋಪುರ ತೋರಿಸಿ, ಬೀಳುತ್ತದೋ ಇಲ್ಲವೋ ಎಂದು ಕೇಳಿದರು. ಕೆಲವು ಗೋಪುರಗಳು ಭೌತಶಾಸ್ತ್ರದ ಪ್ರಕಾರ ಗಟ್ಟಿಯಾಗಿ ನಿಂತಿರುತ್ತವೆ, ಆದರೂ ನೋಡಿದವರೆಲ್ಲ ಬಿದ್ದೇ ಬೀಳುತ್ತದೆ ಎನ್ನುತ್ತಾರೆ. ಕಂಪ್ಯೂಟರಿಗೆ ಇಟ್ಟಿಗೆಗಳ ಜಾಗವನ್ನು ಕರಾರುವಾಕ್ಕಾಗಿ ಕೊಟ್ಟರೆ ಅದು ನಿಲ್ಲುತ್ತದೆ ಎಂದಿತು. ಜಾಗವನ್ನು ನಮ್ಮ ಕಣ್ಣಿಗೆ ಕಾಣುವಷ್ಟೇ ಮಸುಕಾಗಿ ಕೊಟ್ಟು, ಮತ್ತೆ ಮತ್ತೆ ಒಳಗೊಳಗೇ ಬೀಳಿಸಿ ನೋಡು ಎಂದರೆ, ಅದೂ ನಮ್ಮ ಹಾಗೆಯೇ ಬೀಳುತ್ತದೆ ಎಂದಿತು!