ಕೊಳ್ಳುವ ಕೈ ಶುದ್ಧವಾಗಿರಲಿ

ಗಲಿಲೇಯ ಸರೋವರದ ಆಚೆ ದಡದಲ್ಲಿ ಐದು ಸಾವಿರ ಜನ ಸೇರಿದ್ದಾಗ ಪ್ರಭು ಯೇಸು ಫಿಲಿಪ್ಪನಿಗೆ ಮೊದಲು ಕೇಳಿದ್ದು, ಇವರಿಗೆಲ್ಲ ರೊಟ್ಟಿಯನ್ನು ಎಲ್ಲಿಂದ ಕೊಳ್ಳುವುದು ಎಂಬ ಪ್ರಶ್ನೆಯನ್ನು. ಫಿಲಿಪ್ಪನು ಕೂಡಲೆ ಖರ್ಚಿನ ಅಂದಾಜು ಹೇಳಿದ: ಇನ್ನೂರು ದಿನಾರಿ ನಾಣ್ಯಗಳ ರೊಟ್ಟಿಯೂ ಸಾಲದು. ಅಂದ್ರೆಯನು ಇದ್ದ ಸರಕನ್ನು ಹುಡುಕಿ ತಂದ: ಒಬ್ಬ ಹುಡುಗನ ಬಳಿಯ ಐದು ರೊಟ್ಟಿ, ಎರಡು ಮೀನು. ಎಲ್ಲರೂ ತೃಪ್ತರಾದ ಮೇಲೆ, ಏನೂ ಹಾಳಾಗದಂತೆ ಉಳಿದ ತುಂಡುಗಳನ್ನು ಒಟ್ಟುಗೂಡಿಸಲು ಪ್ರಭುವೇ ಆಜ್ಞಾಪಿಸಿದರು. ಹನ್ನೆರಡು ಬುಟ್ಟಿಗಳು ತುಂಬಿದವು. ಅದ್ಭುತವು ದೇವರದು, ಅಂದಾಜು, ಹುಡುಕಾಟ, ಹಂಚಿಕೆ ಮತ್ತು ಉಳಿಕೆಯ ಲೆಕ್ಕ ಶಿಷ್ಯರದು.

ಶಿಷ್ಯರು ಅಂದು ಮಾಡಿದ ಈ ಕೆಲಸವೇ ಇಂದು ಖರೀದಿ ಮತ್ತು ಸಾಮಗ್ರಿ ನಿರ್ವಹಣೆ ಎಂಬ ಹೆಸರಿನಲ್ಲಿ ಒಂದು ವೃತ್ತಿವಿದ್ಯೆಯಾಗಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ನಮ್ಮ ಕಥೋಲಿಕ ಕುಟುಂಬಗಳು ಮಕ್ಕಳ ಭವಿಷ್ಯವನ್ನು ಯೋಚಿಸುವಾಗ ಶಿಕ್ಷಕ, ದಾದಿ, ಬ್ಯಾಂಕಿನ ನೌಕರಿಗಳ ಆಚೆಗೆ ನೋಡುವುದು ಅಪರೂಪ. ಬಿ.ಕಾಂ. ಮುಗಿಸಿ ಮನೆಯಲ್ಲಿ ಕುಳಿತ ಯುವಕ ಯುವತಿಯರಿಗೆ ಈ ದಾರಿಯೂ ಉಂಟೆಂದು ತಿಳಿಸುವುದು ಈ ಲೇಖನದ ಉದ್ದೇಶ.

ನಮ್ಮ ನೆಲದಲ್ಲೇ ಇರುವ ವಿದ್ಯೆ

ಈ ವಿದ್ಯೆ ನಮಗೆ ತೀರ ಹೊಸದಲ್ಲ. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ಬರಗಾಲಕ್ಕೆಂದು ಕಾಯ್ದಿಡುತ್ತಿದ್ದರು. ಐಗುಪ್ತದಲ್ಲಿ ಜೋಸೆಫನು ಸುಭಿಕ್ಷದ ಏಳು ವರ್ಷಗಳಲ್ಲಿ ಬೆಳೆಯ ಐದನೆಯ ಒಂದು ಪಾಲನ್ನು ಸಂಗ್ರಹಿಸಿ ಕ್ಷಾಮವನ್ನು ಎದುರಿಸಿದ್ದೂ ಇದೇ ಬಗೆಯ ದೂರದೃಷ್ಟಿಯಿಂದ. ಬೈಲಹೊಂಗಲದ ಹತ್ತಿಯ ಪೇಟೆಯಲ್ಲಿ ತೂಕ, ತೇವ, ದರ ಇವುಗಳನ್ನು ನೋಡಿ ಮಾಲು ಹಿಡಿಯುವವನು, ನೂಲಿನ ದರ ಇಳಿಯುವುದನ್ನು ಕಾಯುವ ರಾಮದುರ್ಗದ ನೇಕಾರ, ಇಬ್ಬರೂ ಈ ಶಾಸ್ತ್ರವನ್ನು ಅನುಭವದಿಂದ ಬಲ್ಲವರೇ.

ಎಂ.ಕೆ. ಹುಬ್ಬಳ್ಳಿ ಮತ್ತು ಸವದತ್ತಿ ತಾಲೂಕಿನ ಮುನವಳ್ಳಿಯ ಸಕ್ಕರೆ ಕಾರ್ಖಾನೆಗಳಂಥ ಉದ್ಯಮದಲ್ಲಿ ಕಬ್ಬು ನುರಿಸುವ ಹಂಗಾಮಿನ ನಡುವೆ ಒಂದು ಬೇರಿಂಗ್ ಇಲ್ಲವೆಂದು ಯಂತ್ರ ನಿಂತರೆ, ಹೊರಗೆ ಕಬ್ಬಿನ ಬಂಡಿಗಳ ಸಾಲು ಬೆಳೆಯುತ್ತದೆ. ಕಡಿದ ಕಬ್ಬು ಒಣಗಿ ರೈತನಿಗೆ ನಷ್ಟವಾಗುತ್ತದೆ. ಉಗ್ರಾಣದವನ ಒಂದು ಮರೆವಿನ ಬೆಲೆಯನ್ನು ಅವನನ್ನು ಕಂಡೇ ಇರದ ರೈತ ತೆರಬೇಕಾಗುತ್ತದೆ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯುಳ್ಳ ನೈಋತ್ಯ ರೈಲ್ವೆ, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ, ಬೆಳಗಾವಿಯ ಎರಕದ ಕಾರ್ಖಾನೆಗಳು, ಆಸ್ಪತ್ರೆಗಳು, ಇವೆಲ್ಲಕ್ಕೂ ಈ ಕೆಲಸ ಬಲ್ಲವರು ಬೇಕು.

ಏನನ್ನು ಕಲಿಯಬೇಕು?

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಒಂದು ವಿದ್ಯಾರ್ಥಿನಿಲಯಕ್ಕೆ ವರ್ಷಕ್ಕೆ 72 ಕ್ವಿಂಟಲ್ ಅಕ್ಕಿ ಬೇಕೆನ್ನೋಣ. ಪ್ರತಿ ಸಲ ತರಿಸಲು ಬಾಡಿಗೆ, ಹಮಾಲಿ ಸೇರಿ 400 ರೂಪಾಯಿ ಖರ್ಚು. ಒಂದು ಕ್ವಿಂಟಲ್ ಅಕ್ಕಿಯನ್ನು ಒಂದು ವರ್ಷ ಇಟ್ಟುಕೊಂಡರೆ ಹುಳು, ಇಲಿ, ಕಟ್ಟಿಬಿದ್ದ ಹಣದ ಬಡ್ಡಿ ಎಲ್ಲ ಸೇರಿ 100 ರೂಪಾಯಿ ನಷ್ಟ. ತಿಂಗಳಿಗೊಮ್ಮೆ ಆರು ಕ್ವಿಂಟಲ್ ತಂದರೆ ಸಾಗಣೆ ಮತ್ತು ಸಂಗ್ರಹದ ಒಟ್ಟು ಖರ್ಚು 5,100 ರೂಪಾಯಿ. ವರ್ಷದ್ದನ್ನು ಒಮ್ಮೆಗೇ ತಂದರೆ 4,000. ನಾಲ್ಕು ತಿಂಗಳಿಗೊಮ್ಮೆ 24 ಕ್ವಿಂಟಲ್ ತಂದರೆ ಕೇವಲ 2,400. ಈ ಹದವನ್ನು ಕಂಡುಹಿಡಿಯುವ ಸೂತ್ರವನ್ನು ಅಮೆರಿಕದ ಫೋರ್ಡ್ ಹ್ಯಾರಿಸ್ 1913ರಲ್ಲಿ ಪ್ರಕಟಿಸಿದ. ಇಂದಿಗೂ ವಿದ್ಯಾರ್ಥಿಗಳು ಅದನ್ನು ಕಲಿಯುತ್ತಾರೆ. ಉಳಿತಾಯವಾದ ಹಣ ಬಡಮಕ್ಕಳ ತಾಟಿಗೆ ಒಂದು ಮೊಟ್ಟೆಯಾಗಿ ಬರಬಹುದಲ್ಲವೇ?

ಇದರೊಂದಿಗೆ ಟೆಂಡರ್ ಕರೆಯುವ ಕ್ರಮ, ಕರಾರು ಕಾನೂನು, ಗುಣಮಟ್ಟದ ಪರೀಕ್ಷೆ, ಉಗ್ರಾಣದ ವ್ಯವಸ್ಥೆ, ಆಮದು, ಸಾಗಣೆ, ಸಂಖ್ಯಾಶಾಸ್ತ್ರ ಮುಂತಾದ ವಿಷಯಗಳು ಬರುತ್ತವೆ. ಸರ್ಕಾರಿ ಖರೀದಿಗೆ ಸಂಬಂಧಿಸಿದ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಮತ್ತು 2016ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ವಿದ್ಯುನ್ಮಾನ ಮಾರುಕಟ್ಟೆಯ ಪರಿಚಯವೂ ಅಗತ್ಯ.

ಎಲ್ಲಿ ಕಲಿಯಬಹುದು?

ನವೀ ಮುಂಬಯಿಯಲ್ಲಿ ಕೇಂದ್ರ ಕಚೇರಿಯುಳ್ಳ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮೆಟೀರಿಯಲ್ಸ್ ಮ್ಯಾನೇಜ್‌ಮೆಂಟ್ ಈ ಕ್ಷೇತ್ರದ ಪ್ರಮುಖ ವೃತ್ತಿಸಂಸ್ಥೆ. ಬೆಂಗಳೂರು, ಮೈಸೂರುಗಳಂತೆ ಹುಬ್ಬಳ್ಳಿಯಲ್ಲಿಯೂ ಅದರ ಶಾಖೆಯಿದೆ. ನೌಕರಿ ಮಾಡುತ್ತಲೇ ಓದಬಹುದಾದ ಡಿಪ್ಲೊಮಾಗಳನ್ನು ಅದು ನಡೆಸುತ್ತದೆ. ವಿದೇಶದಲ್ಲಿ ದುಡಿಯಬಯಸುವವರು 1992ರಲ್ಲಿ ರಾಜಸನ್ನದು ಪಡೆದ ಇಂಗ್ಲೆಂಡಿನ ಚಾರ್ಟರ್ಡ್ ಸಂಸ್ಥೆಯ ಪರೀಕ್ಷೆಗಳಿಗೆ ಕುಳಿತುಕೊಳ್ಳಬಹುದು. ಅರ್ಹತೆ, ಶುಲ್ಕಗಳು ಕಾಲಕಾಲಕ್ಕೆ ಬದಲಾಗುವುದರಿಂದ ಸಂಸ್ಥೆಯನ್ನೇ ನೇರವಾಗಿ ವಿಚಾರಿಸುವುದು ಉತ್ತಮ. ಪಾಠವೂ ಪರೀಕ್ಷೆಯೂ ಇಂಗ್ಲಿಷಿನಲ್ಲಿ ಇರುವುದರಿಂದ ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲ ಆರು ತಿಂಗಳು ಕಷ್ಟವೇ ಸರಿ. ಆದರೆ ಅದು ದಾಟಲಾಗದ ಹೊಳೆಯಲ್ಲ.

ಪರೀಕ್ಷೆಯಲ್ಲಿ ಕೇಳದ ಪ್ರಶ್ನೆ

ಇಲ್ಲಿ ನನ್ನದೇ ಒಂದು ಅನುಭವವನ್ನು ಹೇಳುವುದು ಅನಿವಾರ್ಯ. ಒಂದು ಕಾರ್ಖಾನೆಯ ಉಗ್ರಾಣದಲ್ಲಿ ನಾನು ಗುಮಾಸ್ತನಾಗಿದ್ದ ಎರಡನೆಯ ವರ್ಷ, ದೀಪಾವಳಿಯ ಮುನ್ನಾದಿನ ಸರಬರಾಜುದಾರನೊಬ್ಬ ಮನೆಗೆ ಪೇಢೆಯ ಪೆಟ್ಟಿಗೆ ಕಳುಹಿಸಿದ. ಪೇಢೆಯ ಕೆಳಗೆ ಒಂದು ಲಕೋಟೆ. ಅದರಲ್ಲಿ ನನ್ನ ಒಂದು ತಿಂಗಳ ಸಂಬಳದಷ್ಟು ಹಣ. ತಂಗಿಯ ಮದುವೆ ನಿಶ್ಚಯವಾಗಿದ್ದ ಸಮಯವದು. ಅವ್ವ ಲಕೋಟೆಯನ್ನು ನೋಡಿ ಒಂದೇ ಮಾತು ಕೇಳಿದಳು: “ಇದರಾಗ ನಿನ್ನ ದುಡಿಮಿ ಎಷ್ಟೈತಿ, ಮಗಾ?”

ಮರುದಿನ ಪೆಟ್ಟಿಗೆಯನ್ನು ಹಿಂದಿರುಗಿಸಿದೆ. ಮುಂದಿನ ತಿಂಗಳು ಅದೇ ಸರಬರಾಜುದಾರನ ಮಾಲು ಅಳತೆಗೆ ಸರಿಬರಲಿಲ್ಲವೆಂದು ಷರಾ ಬರೆದೆ. ಮೇಲಿನವರಿಗೆ ಅದು ಹಿಡಿಸಲಿಲ್ಲ. ನನ್ನನ್ನು ಗೇಟಿನ ರಿಜಿಸ್ಟರ್ ಬರೆಯಲು ಹಾಕಿದರು. ಬರಬೇಕಾಗಿದ್ದ ಬಡ್ತಿ ಬರಲಿಲ್ಲ. ಅಲ್ಲಿ ಸಂಜೆಯ ಹೊತ್ತು ಬಿಡುವಿದ್ದುದರಿಂದ ಡಿಪ್ಲೊಮಾದ ಪುಸ್ತಕಗಳನ್ನು ತೆರೆದೆ. ಸಂಖ್ಯಾಶಾಸ್ತ್ರದಲ್ಲಿ ಒಮ್ಮೆ ಅನುತ್ತೀರ್ಣನಾಗಿ, ಎರಡನೆಯ ಯತ್ನದಲ್ಲಿ ಪಾಸಾದೆ. ಬೇರೆಡೆ ಕೆಲಸ ದೊರೆತದ್ದು ಅದರ ಬಲದಿಂದ. ಆದರೆ ತಂಗಿಯ ಮದುವೆಗೆ ಮಾಡಿದ ಸಾಲ ತೀರಲು ಐದು ವರ್ಷ ಹಿಡಿಯಿತು. ಪ್ರಾಮಾಣಿಕತೆಗೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಮಕ್ಕಳಿಂದ ಮುಚ್ಚಿಡುವುದು ಸರಿಯಲ್ಲ.

ಯೂದನೂ ಹಣದ ಚೀಲ ಹೊತ್ತವನೇ ಆಗಿದ್ದ. ಅದರಲ್ಲಿ ಹಾಕಿದ್ದನ್ನು ಕದಿಯುತ್ತಿದ್ದನೆಂದು ಸಂತ ಯೊವಾನ್ನರು ಬರೆದಿದ್ದಾರೆ. ಮೂವತ್ತು ಬೆಳ್ಳಿ ನಾಣ್ಯಗಳಿಗೆ ಮುನ್ನ ಎಷ್ಟು ಚಿಲ್ಲರೆ ಕಾಸುಗಳು ಅವನ ಕೈಸೇರಿದ್ದವೋ!

ಧರ್ಮಸಭೆಯ ಕಟ್ಟಳೆ

ಧರ್ಮಸಭೆಯೂ ಈ ವಿಷಯದಲ್ಲಿ ಮೌನವಾಗಿಲ್ಲ. 1983ರ ಧರ್ಮಸಭಾ ಸಂಹಿತೆಯ 537ನೆಯ ವಿಧಿಯಂತೆ ಪ್ರತಿ ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಇರಲೇಬೇಕು. 1284ನೆಯ ವಿಧಿ ಆದಾಯ ವೆಚ್ಚಗಳ ಕ್ರಮಬದ್ಧ ಲೆಕ್ಕವನ್ನು ವಿಧಿಸುತ್ತದೆ. ಸಣ್ಣಪುಟ್ಟ ವ್ಯವಹಾರಗಳನ್ನು ಬಿಟ್ಟರೆ, ಧರ್ಮಸಭೆಯ ಆಸ್ತಿಯನ್ನು ಆಡಳಿತಗಾರರಿಗಾಗಲಿ ಅವರ ಹತ್ತಿರದ ಬಂಧುಗಳಿಗಾಗಲಿ ಲಿಖಿತ ಅನುಮತಿಯಿಲ್ಲದೆ ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ ಎನ್ನುತ್ತದೆ 1298ನೆಯ ವಿಧಿ. ದಿವಂಗತ ವಿಶ್ವಗುರು ಫ್ರಾನ್ಸಿಸರು 2020ರಲ್ಲಿ ವ್ಯಾಟಿಕನ್ನಿನ ಖರೀದಿ ಗುತ್ತಿಗೆಗಳಿಗೇ ಪಾರದರ್ಶಕತೆ ಮತ್ತು ಸ್ಪರ್ಧೆಯ ನಿಯಮಗಳನ್ನು ಜಾರಿಗೊಳಿಸಿದರು.

1953ರಲ್ಲಿ ಸ್ಥಾಪನೆಯಾದ ನಮ್ಮ ಬೆಳಗಾವಿ ಧರ್ಮಪ್ರಾಂತ್ಯದ ಶಾಲೆ, ವಿದ್ಯಾರ್ಥಿನಿಲಯ, ಚಿಕಿತ್ಸಾಲಯಗಳೂ ಅಕ್ಕಿ, ಔಷಧಿ, ಸಿಮೆಂಟು ಕೊಳ್ಳುತ್ತವೆ. ಈ ವಿದ್ಯೆ ಕಲಿತ ಯುವಜನರು ಧರ್ಮಕೇಂದ್ರದ ಸಮಿತಿಗೆ ತಿಂಗಳಲ್ಲಿ ಒಂದು ಸಂಜೆ ಕೊಟ್ಟರೂ ಅದು ದೊಡ್ಡ ಸೇವೆ.

ರೋಮಿನ ಧರ್ಮಸಭೆಯ ಸಂಪತ್ತನ್ನು ನೋಡಿಕೊಳ್ಳುತ್ತಿದ್ದ ಸಂತ ಲಾರೆನ್ಸರನ್ನು 258ರಲ್ಲಿ ಆ ಸಂಪತ್ತನ್ನು ಒಪ್ಪಿಸೆಂದು ಅಧಿಕಾರಿಗಳು ಒತ್ತಾಯಿಸಿದಾಗ, ಅವರು ಬಡವರನ್ನು ಕರೆತಂದು ನಿಲ್ಲಿಸಿದರೆಂದು ಪರಂಪರೆ ಹೇಳುತ್ತದೆ. ಉಗ್ರಾಣದ ಕೀಲಿಕೈ ಹಿಡಿಯುವ ನಮ್ಮ ಮಕ್ಕಳು ಆ ಬಡವರ ಮುಖವನ್ನು ಮರೆಯದಿರಲಿ. ಮಗ ಮನೆಗೆ ತಂದ ಪೆಟ್ಟಿಗೆಯನ್ನು ತೆರೆಯುವ ಮೊದಲು, ಅದು ಎಲ್ಲಿಂದ ಬಂತೆಂದು ಕೇಳುವ ತಾಯಂದಿರೂ ನಮ್ಮ ಮನೆಗಳಲ್ಲಿ ಇರಲಿ.