ಅಮ್ಮನ ವಾಪಸ್ ಟಿಕೆಟ್ ಯಾವ ತಾರೀಖಿಗೆ?



ನಮ್ಮ ಹೈದರಾಬಾದಿನ ಕನ್ನಡ ಮನೆಗಳಲ್ಲಿ ಈಗ ಒಂದು ಮಾತು ಸಾಮಾನ್ಯವಾಗಿಬಿಟ್ಟಿದೆ. "ಅಮ್ಮ ಎಲ್ಲಿ?" ಅಂದರೆ "ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿದ್ದಾರೆ" ಎಂಬ ಉತ್ತರ. ಕಾಚಿಗುಡದಿಂದ ಕೂಕಟ್‌ಪಲ್ಲಿಯವರೆಗೆ ಇದೇ ಕಥೆ. ಅಂಟಿನುಂಡೆ ಕಟ್ಟುವುದು, ಶೇಂಗಾ ಚಟ್ನಿಪುಡಿ ಕುಟ್ಟಿಸುವುದು, ಸೂಟ್‌ಕೇಸ್ ತೂಕ ನೋಡುವುದು, ಎಲ್ಲಾ ತಯಾರಿಯೂ ಜೋರಾಗಿಯೇ ನಡೆಯುತ್ತದೆ. ಹೋಗುವ ತಾರೀಖನ್ನು ಪಂಚಾಂಗ ನೋಡಿ ಇಡುತ್ತೇವೆ. ವಾಪಸ್ ಬರುವ ತಾರೀಖನ್ನು ಮಾತ್ರ "ಆರು ತಿಂಗಳಿಗೆ ಹಾಕಿಬಿಡಿ" ಎಂದು ಟ್ರಾವೆಲ್ ಏಜೆಂಟರಿಗೆ ಹೇಳಿ ಕೈ ತೊಳೆದುಕೊಳ್ಳುತ್ತೇವೆ.

ತಪ್ಪು ಆಗುವುದು ಅಲ್ಲಿಯೇ. ಆ ಒಂದು ತಾರೀಖು ಒಂದು ದಿನ ಹೆಚ್ಚುಕಡಿಮೆಯಾದರೆ ಹತ್ತು ವರ್ಷದ ವೀಸಾ ಹೋಗಬಹುದು. ಎರಡನೇ ಮೊಮ್ಮಗುವಿನ ಹೊತ್ತಿಗೆ ಅಮ್ಮ ಹೋಗಲಾಗದೆ ಇಲ್ಲಿಯೇ ಕೂರಬೇಕಾಗಬಹುದು. ಆದ್ದರಿಂದ ಈ ಸಲ ಲೆಕ್ಕವನ್ನು ನಿಧಾನವಾಗಿ, ಎಲ್ಲರಿಗೂ ತಿಳಿಯುವ ಹಾಗೆ ಬಿಡಿಸಿ ನೋಡೋಣ.

ವೀಸಾ ತಾರೀಖು ಬೇರೆ, ಇರುವ ತಾರೀಖು ಬೇರೆ

ಅಮೆರಿಕ ನಮ್ಮ ತಂದೆ ತಾಯಿಯರಿಗೆ ಕೊಡುವುದು ಸಾಮಾನ್ಯವಾಗಿ ಹತ್ತು ವರ್ಷದ ಬಿ-1/ಬಿ-2 ವೀಸಾ. 2008ರವರೆಗೆ ಇದಕ್ಕಾಗಿ ನಮ್ಮೂರಿನವರು ರೈಲು ಹತ್ತಿ ಚೆನ್ನೈಗೆ ಹೋಗಬೇಕಿತ್ತು. ಆ ವರ್ಷ ಬೇಗಂಪೇಟೆಯ ಪೈಗಾ ಅರಮನೆಯಲ್ಲಿ ಅಮೆರಿಕದ ಕಾನ್ಸುಲೇಟ್ ಶುರುವಾಯಿತು. 2023ರ ಮಾರ್ಚ್‌ನಲ್ಲಿ ಅದು ನಾನಕ್‌ರಾಮ್‌ಗುಡದ ಹೊಸ ಕಟ್ಟಡಕ್ಕೆ ಹೋಯಿತು. ಅಲ್ಲಿ ಸಂದರ್ಶನ ಮುಗಿಸಿ ಪಾಸ್‌ಪೋರ್ಟ್ ಕೈಗೆ ಬಂದಾಗ ಹತ್ತು ವರ್ಷ ಅಂತ ನೋಡಿ ಖುಷಿಪಡುತ್ತೇವೆ. ಆದರೆ ಆ ಹತ್ತು ವರ್ಷ, ಬಾಗಿಲು ತಟ್ಟುವುದಕ್ಕೆ ಕೊಟ್ಟ ಅನುಮತಿ ಅಷ್ಟೇ. ಒಳಗೆ ಎಷ್ಟು ದಿನ ಇರಬಹುದು ಎಂದು ಹೇಳುವವರು ಬಾಗಿಲಲ್ಲಿ ನಿಂತವರು, ಅಂದರೆ ವಿಮಾನ ಇಳಿದ ಊರಿನ ವಲಸೆ ಅಧಿಕಾರಿ.

ಅವರು ಕೊಡುವ ದಾಖಲೆಯ ಹೆಸರು ಐ-94. ಮೊದಲೆಲ್ಲ ಇದು ಬಿಳಿ ಚೀಟಿ. ಪಾಸ್‌ಪೋರ್ಟಿಗೆ ಪಿನ್ ಹೊಡೆದು ಕೊಡುತ್ತಿದ್ದರು, ಬರುವಾಗ ತಿರುಗಿ ಕೊಡಬೇಕಿತ್ತು. ವಿಮಾನದಲ್ಲಿ ಬರುವವರಿಗೆ 2013ರಿಂದ ಅದು ಕಂಪ್ಯೂಟರಿನಲ್ಲೇ ಇದೆ. ಕೆಲವು ನಿಲ್ದಾಣಗಳಲ್ಲಿ ಈಗ ಪಾಸ್‌ಪೋರ್ಟಿಗೆ ಮುದ್ರೆಯನ್ನೂ ಒತ್ತುವುದಿಲ್ಲ. ಹಾಗಾಗಿ ಇಳಿದ ಎರಡು ಮೂರು ದಿನದೊಳಗೆ ಮಗನೋ ಮಗಳೋ ಅಮೆರಿಕ ಸರ್ಕಾರದ ಐ-94 ವೆಬ್‌ಸೈಟಿನಲ್ಲಿ ಅಮ್ಮನ ಪಾಸ್‌ಪೋರ್ಟ್ ನಂಬರ್ ಹಾಕಿ ತಾರೀಖು ನೋಡಿ, ಪ್ರಿಂಟ್ ತೆಗೆದಿಡಬೇಕು. ಇದಕ್ಕೆ ದುಡ್ಡಿಲ್ಲ. ದುಡ್ಡು ಕೇಳಿದರೆ ನೀವು ಬೇರೆ ಯಾರದೋ ಸೈಟಿಗೆ ಹೋಗಿದ್ದೀರಿ ಎಂದು ತಿಳಿಯಿರಿ.

ಸಾಮಾನ್ಯವಾಗಿ ಕೊಡುವುದು ಆರು ತಿಂಗಳು. ಮಾರ್ಚ್ 10ಕ್ಕೆ ಇಳಿದರೆ ಸೆಪ್ಟೆಂಬರ್ 9ರವರೆಗೆ. ಅಧಿಕಾರಿಗೆ ಬೇಕೆನಿಸಿದರೆ ಕಡಿಮೆಯನ್ನೂ ಕೊಡಬಹುದು. ಪಾಸ್‌ಪೋರ್ಟಿನ ಅವಧಿ ಮೊದಲೇ ಮುಗಿಯುವುದಿದ್ದರೆ ಆ ದಿನಕ್ಕೇ ನಿಲ್ಲಿಸುವುದೂ ಉಂಟು. ಅದಕ್ಕೇ ಹಳೆಯ ಪಾಸ್‌ಪೋರ್ಟನ್ನು ಹೊರಡುವ ಮೊದಲೇ ಹೊಸದು ಮಾಡಿಸಿಕೊಳ್ಳುವುದು ಜಾಣತನ. ಹಳೆಯದರಲ್ಲಿ ವೀಸಾ ಇದ್ದರೆ ಎರಡನ್ನೂ ಜೊತೆಗೆ ಒಯ್ಯಬೇಕು.

ಇನ್ನೊಂದು ಸಂದೇಹವನ್ನು ಬಹಳ ಮಂದಿ ಕೇಳುತ್ತಾರೆ. "ಅಲ್ಲಿರುವಾಗಲೇ ವೀಸಾ ಮುಗಿದುಹೋದರೆ?" ಏನೂ ಆಗುವುದಿಲ್ಲ. ಜೂನ್‌ನಲ್ಲಿ ಇಳಿದಿದ್ದೀರಿ, ವೀಸಾ ಜುಲೈನಲ್ಲಿ ಮುಗಿಯುತ್ತದೆ, ಐ-94 ಡಿಸೆಂಬರ್‌ವರೆಗೆ ಇದೆ ಎಂದರೆ ಡಿಸೆಂಬರ್‌ವರೆಗೆ ಇರಬಹುದು. ಲೆಕ್ಕಕ್ಕೆ ಬರುವುದು ಐ-94 ಮಾತ್ರ. ಒಂದೇ ಎಚ್ಚರಿಕೆ: ಬರುವಾಗ ಲಂಡನ್ ಮುಂತಾದ ಕಡೆ ವಿಮಾನ ಬದಲಿಸುವುದಿದ್ದರೆ, ಅಮೆರಿಕದ ವೀಸಾ ಚಾಲ್ತಿಯಲ್ಲಿದೆ ಎಂಬ ಕಾರಣಕ್ಕೇ ಅಲ್ಲಿನ ಟ್ರಾನ್ಸಿಟ್ ವೀಸಾದಿಂದ ನಮಗೆ ವಿನಾಯಿತಿ ಸಿಕ್ಕಿರುತ್ತದೆ. ವೀಸಾ ಮುಗಿದಿದ್ದರೆ ಆ ದಾರಿಯ ಟಿಕೆಟ್ ಕೊಳ್ಳುವ ಮೊದಲೇ ವಿಮಾನ ಕಂಪನಿಯನ್ನು ಕೇಳಿಕೊಳ್ಳಿ.

ಹೆರಿಗೆಯ ದಿನ ಮತ್ತು ಆರು ತಿಂಗಳು

ಈಗ ಒಂದು ಉದಾಹರಣೆ. ಡಾಕ್ಟರು ಮಗಳಿಗೆ ಜೂನ್ 15 ಅಂತ ದಿನ ಕೊಟ್ಟಿದ್ದಾರೆ ಅನ್ನಿ. ಅಮ್ಮನಿಗೆ ಆತಂಕ, ಮಗಳು ಒಬ್ಬಳೇ ಇದ್ದಾಳೆ ಎಂದು ಮಾರ್ಚ್ 10ಕ್ಕೇ ಹೋಗಿ ಇಳಿದರು. ಗಡುವು ಸೆಪ್ಟೆಂಬರ್ 9. ಮಗು ಹುಟ್ಟುವ ಮೊದಲೇ ಮೂರು ತಿಂಗಳು ಖರ್ಚಾಗಿ ಹೋಯಿತು. ಅಲ್ಲಿನ ಕೇಂದ್ರ ಕಾನೂನು ಅರ್ಹ ಉದ್ಯೋಗಿಗಳಿಗೆ ಕೊಡುವುದು 12 ವಾರದ ರಜೆ, ಅದೂ ಸಂಬಳವಿಲ್ಲದ್ದು. ಜೂನ್ 15ರಿಂದ 12 ವಾರ ಎಂದರೆ ಸೆಪ್ಟೆಂಬರ್ 7. ಅಂದರೆ ಮಗಳು ಕೆಲಸಕ್ಕೆ ಹೋಗಲು ಶುರುಮಾಡುವ ವಾರದಲ್ಲೇ ಅಮ್ಮ ವಿಮಾನ ಹತ್ತಬೇಕು. ಯಾವಾಗ ಅಮ್ಮ ಅತಿ ಹೆಚ್ಚು ಬೇಕೋ ಆಗಲೇ ಅಮ್ಮ ಇಲ್ಲ!

ಅದೇ ಅಮ್ಮ ಮೇ 10ಕ್ಕೆ ಇಳಿದರೆ? ಹೆರಿಗೆ ಸ್ವಲ್ಪ ಮುಂಚೆ ಆದರೂ ಕೈಯಲ್ಲಿ ಐದು ವಾರ ಇದೆ. ಗಡುವು ನವೆಂಬರ್ 9ಕ್ಕೆ ಬರುತ್ತದೆ. ವಾಪಸ್ ಟಿಕೆಟ್ಟನ್ನು ಅಕ್ಟೋಬರ್ 25ಕ್ಕೆ ಇಟ್ಟರೂ ಮಗುವಿಗೆ ನಾಲ್ಕು ತಿಂಗಳು ತುಂಬಿರುತ್ತದೆ. ಮಗಳು ಕೆಲಸಕ್ಕೆ ಹೋಗಲು ಶುರುಮಾಡಿ ಒಂದೂವರೆ ತಿಂಗಳು ಮನೆ ನಡೆದಿರುತ್ತದೆ. ಕೊರೆಯುವ ಚಳಿಗಾಲಕ್ಕೆ ಮುಂಚೆ ಅಮ್ಮ ಊರಿಗೆ ಬಂದಿರುತ್ತಾರೆ. ಪಿಂಚಣಿದಾರರಾಗಿದ್ದರೆ ನವೆಂಬರ್‌ನಲ್ಲಿ ಕೊಡಬೇಕಾದ ಜೀವಿತ ಪ್ರಮಾಣಪತ್ರಕ್ಕೂ ಸರಿಹೋಗುತ್ತದೆ.

ಬೀಗಿತ್ತಿಯೂ ಹೋಗುವುದಿದ್ದರೆ ಇಬ್ಬರೂ ಒಟ್ಟಿಗೇ ಹೊರಡಬೇಡಿ. ಅಮ್ಮ ಅಕ್ಟೋಬರ್ 25ಕ್ಕೆ ಹೊರಡುವುದಿದ್ದರೆ ಅತ್ತೆಯವರು ಅಕ್ಟೋಬರ್ 15ಕ್ಕೆ ಇಳಿಯಲಿ. ಮಗುವಿನ ಸ್ನಾನ, ನಿದ್ದೆ, ಔಷಧಿ ಎಲ್ಲ ಒಬ್ಬರಿಂದ ಒಬ್ಬರು ತಿಳಿದುಕೊಳ್ಳಲು ಹತ್ತು ದಿನ ಸಾಕು. (ಬೀಗಿತ್ತಿಯರಿಬ್ಬರು ಒಂದೇ ಅಡಿಗೆಮನೆಯಲ್ಲಿ ಅದಕ್ಕಿಂತ ಹೆಚ್ಚು ದಿನ ಇರದಿದ್ದರೆ ಎಲ್ಲರಿಗೂ ಒಳ್ಳೆಯದು!) ಅವರ ಗಡುವು ಏಪ್ರಿಲ್ 14ರವರೆಗೆ ಸಿಕ್ಕರೆ ಮಗುವಿಗೆ ಹತ್ತು ತಿಂಗಳಾಗುವವರೆಗೆ ಮನೆಯಲ್ಲಿ ಒಬ್ಬ ಅಜ್ಜಿ ಇದ್ದ ಹಾಗಾಯಿತು.

ಕೊನೆಯ ದಿನವನ್ನು ಮುಟ್ಟಬೇಡಿ

ಗಡುವಿನ ದಿನಕ್ಕಿಂತ ಕನಿಷ್ಠ ಹತ್ತು ಹದಿನೈದು ದಿನ ಮೊದಲೇ ಟಿಕೆಟ್ ಇರಲಿ. ಯಾಕೆ ಅಂತೀರಾ?

ಒಂದು, ಮಧ್ಯರಾತ್ರಿಯ ಲೆಕ್ಕ. ಸೆಪ್ಟೆಂಬರ್ 9ರವರೆಗೆ ಎಂದರೆ 9ರ ರಾತ್ರಿ ಹನ್ನೆರಡರೊಳಗೆ ಅಮೆರಿಕ ಬಿಟ್ಟಿರಬೇಕು. "9ರ ರಾತ್ರಿಯ ಫ್ಲೈಟ್" ಎಂದು ನಾವು ಬಾಯಲ್ಲಿ ಹೇಳುವುದು ಟಿಕೆಟ್ಟಿನಲ್ಲಿ 10ನೇ ತಾರೀಖು 00.40 ಎಂದಿರಬಹುದು. ಡಲ್ಲಾಸ್‌ನಿಂದ ನ್ಯೂಯಾರ್ಕಿಗೆ ಬಂದು ಅಲ್ಲಿಂದ ಹೊರಡುವುದಾದರೆ ನ್ಯೂಯಾರ್ಕ್ ಬಿಡುವ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎರಡು, ಬರೆಯುವ ಕ್ರಮ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. 09-05 ಎಂದರೆ ಅವರಿಗೆ ಸೆಪ್ಟೆಂಬರ್ 5, ನಮಗೆ ಮೇ 9. ಮುದ್ರೆಯ ಮೇಲೆ ಕೈಯಲ್ಲಿ ಬರೆದದ್ದನ್ನು ಓದುವಾಗ ಜೋಪಾನ.

ಮೂರು, ನಮ್ಮ ಕೈಯಲ್ಲಿಲ್ಲದ ಸಂಗತಿಗಳು. ಹಿಮ ಬೀಳಬಹುದು, ವಿಮಾನ ರದ್ದಾಗಬಹುದು, ವಯಸ್ಸಾದವರಿಗೆ ಜ್ವರ ಬರಬಹುದು. 2020ರ ಮಾರ್ಚ್ ಕೊನೆಯಲ್ಲಿ ಭಾರತಕ್ಕೆ ಬರುವ ನಿಗದಿತ ವಿಮಾನಗಳೆಲ್ಲ ನಿಂತಾಗ ಎಷ್ಟು ತಂದೆ ತಾಯಿಯರು ಅಲ್ಲೇ ಸಿಕ್ಕಿಕೊಂಡಿದ್ದರು, ನೆನಪಿದೆಯಲ್ಲ? ವಂದೇ ಭಾರತ್ ವಿಮಾನಗಳು ಶುರುವಾದದ್ದು ಮೇ 7ಕ್ಕೆ. ಅಷ್ಟರೊಳಗೆ ಗಡುವು ಬರುವವರು ಅವಧಿ ವಿಸ್ತರಣೆಗೆ ಅರ್ಜಿ ಹಾಕಬೇಕಾಯಿತು.

ಟಿಕೆಟ್ ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ: ತಾರೀಖು ಬದಲಿಸಲು ಎಷ್ಟು ಕೊಡಬೇಕು? ದರದ ವ್ಯತ್ಯಾಸ ಬೇರೆ ಕಟ್ಟಬೇಕೇ? ನಾಲ್ಕು ಸಾವಿರ ಕಡಿಮೆ ಎಂದು ಬದಲಿಸಲಾಗದ ಟಿಕೆಟ್ ಕೊಂಡರೆ ಆಮೇಲೆ ಹೊಸ ಟಿಕೆಟ್ಟನ್ನೇ ಕೊಳ್ಳಬೇಕಾದೀತು. ತಾರೀಖು ಮುಂದೆ ಹಾಕಿದರೆ ಪ್ರವಾಸ ವಿಮೆಯನ್ನೂ ಮುಂದುವರಿಸಬೇಕು, ಅದೂ ಹಳೆಯ ವಿಮೆ ಮುಗಿಯುವ ಮೊದಲೇ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳೂ ಅಷ್ಟು ದಿನಕ್ಕೆ ಸಾಕಾಗಬೇಕು.

ದಾಟಿದರೆ ಏನಾಗುತ್ತದೆ?

ಗಡುವು ದಾಟಿ ಒಂದು ದಿನ ಉಳಿದರೂ ಆ ಹತ್ತು ವರ್ಷದ ವೀಸಾ ಕಾನೂನಿನ ಪ್ರಕಾರ ರದ್ದು. ಮತ್ತೆ ಅರ್ಜಿ, ಮತ್ತೆ ಸಂದರ್ಶನ. 180 ದಿನಕ್ಕಿಂತ ಹೆಚ್ಚು ಅಕ್ರಮವಾಗಿ ಉಳಿದು ಬಂದರೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಹತ್ತು ವರ್ಷ ಪ್ರವೇಶ ನಿಷೇಧ.

ನಿಜವಾದ ಕಾರಣವಿದ್ದರೆ ದಾರಿಯೂ ಇದೆ. ಐ-539 ಎಂಬ ಅರ್ಜಿಯನ್ನು ಗಡುವು ಮುಗಿಯುವ ಮೊದಲೇ ಹಾಕಬೇಕು. 45 ದಿನ ಮೊದಲೇ ಹಾಕಿ ಎಂಬುದು ಅಲ್ಲಿನ ವಲಸೆ ಇಲಾಖೆಯ ಸಲಹೆ. ಆಸ್ಪತ್ರೆ ಕಾಗದ, ರದ್ದಾದ ಟಿಕೆಟ್ ಎಲ್ಲ ಜೊತೆಗಿರಲಿ. ಅರ್ಜಿ ಹಾಕಿದ ಮಾತ್ರಕ್ಕೆ ಒಪ್ಪಿಗೆ ಸಿಕ್ಕಿತು ಎಂದಲ್ಲ, ಉತ್ತರ ಬರಲು ತಿಂಗಳುಗಳೇ ಆಗಬಹುದು. "ಮೊಮ್ಮಗು ಬಿಡುತ್ತಿಲ್ಲ" ಎಂಬ ಒಂದೇ ಕಾರಣಕ್ಕೆ ಈ ದಾರಿ ಹಿಡಿಯದಿರುವುದೇ ಒಳಿತು.

"ಕೆನಡಾ ಕಡೆಗೆ ಹೋಗಿ ನಯಾಗರಾ ನೋಡಿ ಬಂದರೆ ಹೊಸದಾಗಿ ಆರು ತಿಂಗಳು ಸಿಗುತ್ತದೆ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದನ್ನು ನಂಬಿ ಹೊರಡಬೇಡಿ. ನಮಗೆ ಕೆನಡಾದ ವೀಸಾ ಬೇರೆಯೇ ಬೇಕು, ಹಿಂತಿರುಗಿದಾಗ ಹಳೆಯ ಗಡುವೇ ಮುಂದುವರಿಯಬಹುದು.

ಒಮ್ಮೆ ಬಂದ ಮೇಲೆ ಮತ್ತೆ ಯಾವಾಗ ಹೋಗಬಹುದು? ಇಷ್ಟೇ ದಿನ ಎಂದು ಕಾನೂನಿನಲ್ಲಿ ಇಲ್ಲ. ಆದರೆ ಆರು ತಿಂಗಳಿದ್ದು ಬಂದು ಎರಡೇ ತಿಂಗಳಿಗೆ ಮತ್ತೆ ಬಾಗಿಲಲ್ಲಿ ನಿಂತರೆ "ಇವರು ನೋಡಲು ಬಂದವರೋ, ಇಲ್ಲೇ ಸಂಸಾರ ಹೂಡಿದವರೋ" ಎಂದು ಅಧಿಕಾರಿ ಕೇಳುವುದು ಸಹಜ. ಅಲ್ಲಿ ಎಷ್ಟು ದಿನ ಇದ್ದರೋ ಕನಿಷ್ಠ ಅಷ್ಟು ದಿನ ಇಲ್ಲಿದ್ದು ಹೋದರೆ ಮಾತು ಸುಲಭ. ಕೇಳಿದ್ದಕ್ಕೆ ಇದ್ದದ್ದನ್ನು ಇದ್ದಂತೆ ಹೇಳಿ. ಬಾಯಲ್ಲಿ ಮೂರು ತಿಂಗಳು ಎಂದು, ಟಿಕೆಟ್ಟಿನಲ್ಲಿ ಆರು ತಿಂಗಳು ಇದ್ದರೆ ಅನುಮಾನ ಬರುತ್ತದೆ.

ಬೇರೆ ದೇಶಗಳ ಲೆಕ್ಕ

ಮಗ ಜರ್ಮನಿಯಲ್ಲೋ ನೆದರ್‌ಲೆಂಡ್ಸ್‌ನಲ್ಲೋ ಇದ್ದರೆ ಷೆಂಗೆನ್ ಲೆಕ್ಕ: ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ. ಇಳಿದ ದಿನ, ಹೊರಟ ದಿನ ಎರಡೂ ಸೇರುತ್ತವೆ. ಮೂರು ತಿಂಗಳು ಅಂದರೆ 90 ದಿನ ಅಂದುಕೊಂಡರೆ ಕೆಟ್ಟಿರಿ. ಮೇ 1ಕ್ಕೆ ಇಳಿದವರಿಗೆ 90ನೇ ದಿನ ಜುಲೈ 29. ವೀಸಾದಲ್ಲಿ ಇನ್ನೂ ಕಡಿಮೆ ದಿನ ನಮೂದಿಸಿದ್ದರೆ ಅಷ್ಟೇ. 2025ರ ಅಕ್ಟೋಬರ್ 12ರಿಂದ ಅಲ್ಲಿ ಬಂದು ಹೋಗುವ ದಿನಗಳನ್ನು ಕಂಪ್ಯೂಟರಿನಲ್ಲೇ ದಾಖಲಿಸಲು ಆರಂಭಿಸಿದ್ದಾರೆ, ಮುದ್ರೆ ಮಾಸಿದೆ ಎಂಬ ಮಾತು ನಡೆಯದು. ಬ್ರಿಟನ್ನಿನಲ್ಲಿ ಎರಡು, ಐದು ಅಥವಾ ಹತ್ತು ವರ್ಷದ ವಿಸಿಟರ್ ವೀಸಾ ಇದ್ದರೂ ಒಂದು ಸಲಕ್ಕೆ ಆರು ತಿಂಗಳೇ ಮಿತಿ.

ಅಲ್ಲಿಂದ ಇಲ್ಲಿಗೆ ಬರುವವರಿಗೂ ಇದೇ ಎಚ್ಚರ ಬೇಕು. ವಿದೇಶಿ ಪಾಸ್‌ಪೋರ್ಟಿನ ಮೊಮ್ಮಕ್ಕಳಿಗೆ ಓಸಿಐ ಕಾರ್ಡ್ ಇದ್ದರೆ ದಿನಗಳ ಮಿತಿ ಇಲ್ಲ. ಟೂರಿಸ್ಟ್ ವೀಸಾದಲ್ಲಿ ಬಂದಿದ್ದರೆ ವೀಸಾ ಎಂದು ಮುಗಿಯುತ್ತದೆ, ಎಷ್ಟು ದಿನ ಇರಬಹುದು ಎರಡನ್ನೂ ಓದಿ. ದಿನ ಮೀರಿದ್ದರೆ ನೇರವಾಗಿ ಶಂಶಾಬಾದಿಗೆ ಹೋಗಬೇಡಿ. ಮೊದಲು ಇ-ಎಫ್‌ಆರ್‌ಆರ್‌ಓ ಮೂಲಕ ಹೊರಹೋಗುವ ಅನುಮತಿ ಪಡೆಯಬೇಕು.

ಹೊರಡುವ ಮುನ್ನ

ಅಮ್ಮನ ಕೈಚೀಲದಲ್ಲಿ ಒಂದು ಕಾಗದ ಇಡಿ. ಮಗಳ ವಿಳಾಸ, ಫೋನ್ ನಂಬರ್, ವಾಪಸ್ ಟಿಕೆಟ್ಟಿನ ದಿನ ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿರಲಿ. ಅಲ್ಲಿ ಇಳಿದು ಐ-94 ನೋಡಿದ ದಿನವೇ ಆ ತಾರೀಖನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಮಾಡಿ. ಇಲ್ಲಿ ಅಪ್ಪನೂ ಅದೇ ಗುರುತು ಮಾಡಿಕೊಳ್ಳಲಿ. ಬರುವಾಗ ಬೋರ್ಡಿಂಗ್ ಪಾಸ್ ಎಸೆಯಬೇಡಿ, ಹೊರಟ ದಿನಕ್ಕೆ ಅದೇ ಸಾಕ್ಷಿ. ನಿಯಮಗಳು ಬದಲಾಗುತ್ತಿರುತ್ತವೆ, ಟಿಕೆಟ್ ಕೊಳ್ಳುವ ವಾರದಲ್ಲಿ ಆಯಾ ದೇಶದ ಸರ್ಕಾರಿ ಪುಟವನ್ನು ಇನ್ನೊಮ್ಮೆ ನೋಡಿ.

ಮೊಮ್ಮಗುವನ್ನು ಬಿಟ್ಟು ಬರುವುದು ಯಾವ ಅಜ್ಜಿಗೂ ಸುಲಭವಲ್ಲ. "ಇನ್ನೊಂದು ಹದಿನೈದು ದಿನ ಇರಮ್ಮ" ಎಂದು ಮಗಳು ಅಂದಾಗ ಮನಸ್ಸು ಜಾರುತ್ತದೆ. ಆಗ ಇಷ್ಟು ನೆನಪಿರಲಿ: ಈ ಸಲ ಹದಿನೈದು ದಿನ ಮುಂಚೆ ಬಂದ ಅಜ್ಜಿ, ಮಗುವಿನ ಹುಟ್ಟುಹಬ್ಬಕ್ಕೋ ಅಕ್ಷರಾಭ್ಯಾಸಕ್ಕೋ ಮತ್ತೆ ಹೋಗಬಲ್ಲರು.

ಹೊರಟಿರುವ ಎಲ್ಲ ಅಮ್ಮಂದಿರಿಗೂ ಅಪ್ಪಂದಿರಿಗೂ ಶುಭ ಪ್ರಯಾಣ. ಬಂದ ಮೇಲೆ ಮೊಮ್ಮಗುವಿನ ಸುದ್ದಿ ನಮಗೂ ತಿಳಿಸಿ!